ಮರದ ಬಲಗಡೆ ಯಾವುದು?

ಶಾಮಸುಂದರನಿಗೆ ಮದುವೆಯಾಗುವ ಆಸೆ ಬಂದದ್ದು ತಪ್ಪಲ್ಲ. ಆದರೆ ಆ ಮಾತೆತ್ತಲು ಅವನು ಆರಿಸಿಕೊಂಡ ಜಾಗ ನೋಡಿ! ದುಬೈಯ ಹೊಸ ಕಾಲುವೆಯ ಮೇಲಿನ ಕಾಲುಸೇತುವೆ. ಅವನ ಕಂಪೆನಿಯವರು ವಸಂತೋತ್ಸವ ಅಂತ ದಡದುದ್ದಕ್ಕೂ ನಲವತ್ತು ಚೆರಿ ಮರ ನಿಲ್ಲಿಸಿದ್ದರು. ಆ ಏಪ್ರಿಲ್ ಸೆಕೆಯಲ್ಲಿ ನಿಜವಾದ ಚೆರಿ ಎಲ್ಲಿಂದ ಅರಳಬೇಕು? ಎಲ್ಲ ಪ್ಲಾಸ್ಟಿಕ್. ಒಂದೊಂದು ಹೂವನ್ನೂ ಗಮ್ ಹಾಕಿ ಅಂಟಿಸಿದವನು ಶಾಮಸುಂದರನೇ. "ಒಂದು ಹೂ ಉದುರಿದರೂ ನಿನ್ನ ಕೆಲಸ ಖಲಾಸ್" ಎಂದು ಸೂಪರ್‌ವೈಸರ್ ಇದಿನಬ್ಬ ಮೊದಲೇ ಹೇಳಿಬಿಟ್ಟಿದ್ದ.

ಭವ್ಯಶ್ರೀ ಉಡುಪಿ ಕಡೆಯವಳು, ದುಬೈಯಲ್ಲೇ ಕರಾಮ ಬಡಾವಣೆಯ ಕ್ಲಿನಿಕ್ಕಿನಲ್ಲಿ ಕೆಲಸ. ಸೇತುವೆಗೆ ತಾಗಿ ನಿಂತಿದ್ದ ಮರವನ್ನು ನೋಡುತ್ತ ಅವನ ಮಾತನ್ನೆಲ್ಲ ಕೇಳಿದಳು. ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ.

"ನಮ್ಮಲ್ಲಿ ಇಂಥದ್ದಕ್ಕೆಲ್ಲ ದೇವರ ಹತ್ತಿರ ಹೂ ಕೇಳುವ ಕ್ರಮ ಉಂಟು ಮಾರಾಯ್ರೆ. ದೇವರ ಬಲಗಡೆಯಿಂದ ಬಿದ್ದರೆ ಆಯ್ತು, ಎಡಗಡೆಯಿಂದ ಬಿದ್ದರೆ ಇಲ್ಲ. ಇಲ್ಲಿ ಇಷ್ಟು ಹೂ ಉಂಟಲ್ಲ, ಕೇಳುವ."

ಕಣ್ಣು ಮುಚ್ಚಿ ಕೈ ಮುಗಿದೇಬಿಟ್ಟಳು.

ಶಾಮಸುಂದರನ ಜೀವ ಬಾಯಿಗೆ ಬಂತು. ಹೂ ಬಿದ್ದರೆ ಕೆಲಸ ಹೋಗುತ್ತದೆ, ಬೀಳದಿದ್ದರೆ ಹುಡುಗಿ. ಒಂದು ಗಂಟೆ ಕಳೆಯಿತು. ಗಾಳಿ ಬೀಸಿ ಅವಳ ಶಾಲು ಹಾರಿತು, ಹೂ ಮಾತ್ರ ಕದಲಲಿಲ್ಲ. ಹಾಳಾದ ಗಮ್ಮು ಅಷ್ಟು ಚೆನ್ನಾಗಿತ್ತು!

"ಕೊಡುವ ಹಾಗೆ ಕಾಣುವುದಿಲ್ಲ" ಎಂದು ಅವಳು ಬ್ಯಾಗು ಹೆಗಲಿಗೇರಿಸಿದಳು.

"ಅದು ಬೀಳುವ ಹೂವೇ ಅಲ್ಲ! ನಾನೇ ಗಮ್ ಹಾಕಿದ್ದು!"

"ಅಯ್ಯೋ ದೇವರೇ! ಪ್ರಸಾದಕ್ಕೇ ಗಮ್ ಹಾಕಿದಿರಾ?"

ಅವನಿಗೆ ಅಳು ಬಂತು, ಸಿಟ್ಟೂ ಬಂತು. ಕೆಲಸ ಹೋದರೆ ಇನ್ನೊಂದು ಹುಡುಕಬಹುದು, ಇವಳು ಹೋದರೆ ಎಲ್ಲಿ ಹುಡುಕುವುದು? ಕಂಬಿಯಾಚೆ ಬಗ್ಗಿ, ಬಲಗಡೆಯ ಒಂದು ಹೂ ಹಿಡಿದು ಎಳೆದ. ಹೂ ಬರಲಿಲ್ಲ, ಕೊಂಬೆಯೇ ಲಟಕ್ಕನೆ ಮುರಿದು ಕೈಗೆ ಬಂತು.

"ಖಲಾಸ್! ನಾಳೆಯಿಂದ ಬರಬೇಡ!" ಕೆಳಗಿನಿಂದ ಇದಿನಬ್ಬ ಕಿರುಚಿದ.

ಭವ್ಯಶ್ರೀ ಕಂಬಿಯಿಂದ ಬಗ್ಗಿದಳು. "ಒಂದು ನಿಮಿಷ ಅಣ್ಣಾ, ಈ ಮರದ ಮುಖ ಯಾವ ಕಡೆ?"

ಇದಿನಬ್ಬ ಕೆಲಸದಲ್ಲಿ ಭಾರೀ ಶಿಸ್ತಿನವ. ಅಷ್ಟು ಸಿಟ್ಟಿನಲ್ಲೂ ಮರ ನಿಲ್ಲಿಸಿದ ನಕ್ಷೆ ಬಿಡಿಸಿ ನೋಡಿದ. "ಸೇತುವೆ ಕಡೆ. ನಿಮ್ಮನ್ನೇ ನೋಡಿಕೊಂಡು ಉಂಟು."

ಅಂದರೆ ಶಾಮಸುಂದರನ ಬಲ ಮರಕ್ಕೆ ಎಡ.

"ಎಡ" ಎಂದಳು ಭವ್ಯಶ್ರೀ, ಮೆಲ್ಲಗೆ.

ಅವನು ಕೊಂಬೆ ಹಿಡಿದುಕೊಂಡು ಹಾಗೇ ನಿಂತ. ಕೆಲಸವೂ ಹೋಯಿತು, ಇವಳೂ ಹೋದಳು. ಅಷ್ಟರಲ್ಲಿ ಅವಳು ಕೊಂಬೆಯನ್ನು ಕಿತ್ತುಕೊಂಡು, ತುದಿ ಮುರಿದು, ಜಡೆಗೆ ಸಿಕ್ಕಿಸಿಕೊಂಡಳು.

"ಎಡಗಡೆಯದ್ದಲ್ಲವಾ?" ಎಂದು ಕೇಳಿದ ಅವನು.

"ಎಡ ಬಲ ಎಲ್ಲ ದೇವರು ಕೊಟ್ಟರೆ ನೋಡುವುದು. ಇದು ನೀವು ಕೊಟ್ಟದ್ದಲ್ಲವಾ?"