ಗೌಡ್ತಿಕೆರೆಯ ಮಹಜರು

ಮೀನುಮರಿ ತುಂಬಿದ ಚೀಲಗಳು ಬೆಳಿಗ್ಗೆ ಎಂಟಕ್ಕೇ ಗೌಡ್ತಿಕೆರೆಯ ಏರಿ ಮೇಲೆ ಇಳಿದಿದ್ದವು. ಶಿವಮೊಗ್ಗದಿಂದ ಬರಬೇಕಾದ ಮುಖ್ಯ ಅತಿಥಿ ಬಂದದ್ದು ಹನ್ನೆರಡೂವರೆಗೆ. ಅಷ್ಟು ಹೊತ್ತೂ ಶಾಮಿಯಾನದ ನೆರಳು ಕುರ್ಚಿಗಳಿಗಿತ್ತು, ಚೀಲಗಳಿಗಿರಲಿಲ್ಲ.

ಈ ಕೆರೆ ಇರುವುದು ಭದ್ರಾವತಿ ರಸ್ತೆಯ ಪಕ್ಕಕ್ಕೆ. ನಮ್ಮ ಮೀನುಗಾರರ ಸಂಘದ ಇಪ್ಪತ್ತೆರಡು ಮನೆಗೆ ಅದೇ ಗದ್ದೆ, ಅದೇ ತೋಟ. ಸರ್ಕಾರ ಬಿಟ್ಟ ಮರಿಗೆ ತಕ್ಕಷ್ಟು ಮೀನನ್ನು ವರ್ಷದ ಕೊನೆಗೆ ನಾವು ತೋರಿಸಿದರೆ ಗುತ್ತಿಗೆ ಸಂಘದ ಕೈಲಿ ಉಳಿಯುತ್ತದೆ. ಇಲ್ಲದಿದ್ದರೆ ಕೆರೆ ಟೆಂಡರಿಗೆ ಹೋಗುತ್ತದೆ. ಅದು ಆ ವರ್ಷ ಬಂದ ನಿಯಮ.

ಮರಿ ತಂದಿದ್ದ ಮೀನುಗಾರಿಕೆ ಇಲಾಖೆಯ ಸಾಹೇಬರು ದೇವರಾಜ್ ಅಂತ. ಅವರ ಹತ್ತಿರ ಹೋಗಿ ಹೇಳಿದೆ.

"ಸಾರ್, ಚೀಲ ಬಿಸಿಲಿಗೆ ಕಾದಿದೆ. ಬಾಯಿ ಕಟ್ಟಿದ ಹಾಗೇ ಅರ್ಧ ಗಂಟೆ ನೀರಲ್ಲಿ ತೇಲಿಬಿಡಿ. ಆಮೇಲೆ ಬಿಚ್ಚಿ, ಕೆರೆ ನೀರು ಬೊಗಸೆ ಬೊಗಸೆ ಒಳಗೆ ಹಾಕ್ಬೇಕು. ಮರಿ ತಾವಾಗೇ ಈಜ್ಕೊಂಡು ಹೋಗ್ತವೆ."

"ನಮಗೂ ಅದನ್ನೇ ಓದ್ಸಿರೋದು ಅಜ್ಜಿ," ಅಂದರು ದೇವರಾಜ್. "ಆದ್ರೆ ಅತಿಥಿಗಳಿಗೆ ಎರಡು ಗಂಟೆಗೆ ಕುಂಸೀಲಿ ಇನ್ನೊಂದು ಉದ್ಘಾಟನೆ. ಅರ್ಧ ಗಂಟೆ ಎಲ್ಲಿಂದ ತರ್ಲಿ?"

ಗೊತ್ತಿದ್ದೇ ಮಾಡಿದರು. ಮುಖ್ಯ ಅತಿಥಿ ಬೂಟು ನೆನೆಯದ ಹಾಗೆ ಏರಿಯ ಕಲ್ಲಿನ ಮೇಲೆ ನಿಂತು ಚೀಲ ಎತ್ತಿ ಸುರಿದರು. ಫೋಟೊ ಸರಿ ಬರಲಿಲ್ಲವೆಂದು ಇನ್ನೊಂದನ್ನು ಇನ್ನೂ ಎತ್ತರದಿಂದ ಸುರಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಮಾರನೆಯ ಬೆಳಿಗ್ಗೆ ತೂಬಿನ ಹತ್ತಿರ ನೀರೇ ಕಾಣದಷ್ಟು ಬಿಳುಪು. ಬೆರಳುದ್ದದ ಕಾಟ್ಲಾ, ರೋಹು, ಎಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಸಂಘದ ಅಧ್ಯಕ್ಷ ಹೂವಪ್ಪ ಮೂರು ಕುಕ್ಕೆ ಮೊಗೆದು ಏರಿ ಮೇಲೆ ಕೂತುಬಿಟ್ಟ.

"ಕಾಗೆಗೆ ಊಟ ಹಾಕ್ಸಿ ಹೋದ್ರು ನೋಡು ಸುವರ್ಣಕ್ಕ," ಅಂದ.

ಮಧ್ಯಾಹ್ನ ದೇವರಾಜ್ ಮಹಜರು ಹಿಡಿದು ಬಂದರು. ಅದಕ್ಕೆ ಊರಿನ ಇಬ್ಬರು ಪಂಚರ ರುಜು ಬೇಕಿತ್ತು. ಸಂಘದ ಹೆಂಗಸರಲ್ಲಿ ಓದು ಬರುವವಳು ನಾನೊಬ್ಬಳೇ, ಐವತ್ತು ದಾಟಿದ ಮೇಲೆ ರಾತ್ರಿ ಶಾಲೆಯಲ್ಲಿ ಕಲಿತದ್ದು. ಬೆರಳಿಟ್ಟು ನಿಧಾನಕ್ಕೆ ಓದಿದೆ: "ಎಪ್ಪತ್ತು ಸಾವಿರ ಮೀನುಮರಿಗಳನ್ನು ಜೀವಂತವಾಗಿ, ವೈಜ್ಞಾನಿಕ ಕ್ರಮದಲ್ಲಿ ಬಿತ್ತನೆ ಮಾಡಲಾಯಿತು."

"ಸತ್ತಿದ್ದೂ ಬರೀರಿ ಸಾರ್. ರುಜು ಹಾಕ್ತೀನಿ."

"ಅದು ಬರೆದ್ರೆ ನಂಗೆ ನೋಟಿಸು, ನಿಮ್ಗೆ ಮುಂದಿನ ವರ್ಷ ಮರಿ ಇಲ್ಲ. ಬೇಕಾ?"

"ಈ ವರ್ಷದ್ದೇ ಇಲ್ವಲ್ಲ ಸಾರ್."

ಪೆನ್ನು ಕೆಳಗಿಟ್ಟೆ. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಅವರು ಬ್ಯಾಗಿನಿಂದ ಇಂಕ್ ಪ್ಯಾಡು ತೆಗೆದು ನನ್ನ ವಾರಗಿತ್ತಿ ಜಲಜಮ್ಮನ ಕಡೆ ತಿರುಗಿದರು. ನಾನು ರಾತ್ರಿ ಶಾಲೆಗೆ ಹೊರಟಾಗೆಲ್ಲ, "ಡಿಸಿ ಆದ್ಮೇಲೆ ನಮ್ಗೊಂದು ಸೈಟು ಕೊಡಕ್ಕ" ಎಂದು ನಗುತ್ತಿದ್ದವಳು ಅವಳು.

"ಬೇಡ ಕಣೇ," ಅಂದೆ.

"ಸುಮ್ನಿರಕ್ಕ. ಹಟ ಮಾಡಿ ಕೆರೆ ಕಳ್ಕೊಳ್ಳೋದಾ? ನಾಕಕ್ಷರ ಕಲ್ತು ಸೊಕ್ಕು ಬಂದಿದೆ ಮಾರಾಯ್ತಿ ನಿಂಗೆ."

ಹೆಬ್ಬೆಟ್ಟು ಒತ್ತಿಬಿಟ್ಟಳು. ಹೂವಪ್ಪನೂ ನನ್ನ ಮುಖ ನೋಡದೆ ರುಜು ಹಾಕಿದ.

ಹನ್ನೊಂದು ತಿಂಗಳು ಬಲೆ ಎಳೆದೆವು. ಸಿಕ್ಕಿದ್ದು ಯಾರೂ ಬಿಡದೆ ತಾನಾಗೇ ಬೆಳೆಯುವ ಜಿಲೇಬಿ ಮೀನು, ಒಂದಿಷ್ಟು ಹಳೇ ಗೆಂಡೆ. ಆಮೇಲೆ ಶಿವಮೊಗ್ಗದಿಂದ ಕಾಗದ ಬಂತು. ಜಲಜಮ್ಮನೇ ತಂದು ನನ್ನ ಕೈಗೆ ಕೊಟ್ಟಳು. ಗಟ್ಟಿಯಾಗಿ ಓದಿದೆ. ಬಿತ್ತನೆಯಾದ ಎಪ್ಪತ್ತು ಸಾವಿರ ಮರಿಗೂ ಸಂಘ ತೋರಿಸಿದ ಮೀನಿಗೂ ತಾಳೆಯಾಗಿಲ್ಲ, ಸದಸ್ಯರು ಕದ್ದು ಸಾಗಿಸಿರುವುದು ಕಂಡುಬಂದಿದೆ, ಗುತ್ತಿಗೆ ರದ್ದು. ಹಿಂದೆ ಮಹಜರಿನ ನಕಲು ಪಿನ್ ಮಾಡಿದ್ದರು.

"ಈ ಕಪ್ಪಗಿರೋದು ನಂದಾ?" ಅಂದಳು.

"ನಿಂದೇ."

ಅವಳು ಆ ದಿನ ಒಲೆ ಹಚ್ಚಲಿಲ್ಲ.

ಈಗ ನಾವಿಬ್ಬರೂ ಭದ್ರಾವತಿ ಮಾರ್ಕೆಟ್ಟಿಗೆ ಎಲ್ಲಿಂದಲೋ ಐಸಿನಲ್ಲಿ ಬರುವ ಮೀನು ಕೊಂಡು ಬುಟ್ಟಿ ಹೊತ್ತು ಮಾರುತ್ತೇವೆ. ಮೊನ್ನೆ ಏರಿ ಮೇಲೆ ಬಸ್ಸು ಕಾಯುತ್ತಿದ್ದಾಗ, ಟೆಂಡರು ಹಿಡಿದ ರೂಪೇಶನ ಲಾರಿ ಬಂದು ನಿಂತಿತು. ಅದೇ ತರಹದ ಚೀಲಗಳು. ಆಳೊಬ್ಬ ಚೀಲದ ಬಾಯಿ ಬಿಚ್ಚಲು ಹೊರಟ. ನನಗೆ ತಡೆಯಲಾಗಲಿಲ್ಲ.

"ಬಿಚ್ಬೇಡಪ್ಪಾ! ಮೊದ್ಲು ಹಾಗೇ ತೇಲಿಬಿಡಿ, ಅರ್ಧ ಗಂಟೆ."

ರೂಪೇಶ್ ತಿರುಗಿ ನೋಡಿದ. "ಹೌದಾ ಅಜ್ಜಿ? ಏಯ್, ನಿಲ್ಸ್ರೋ. ಅಜ್ಜಿ ಹೇಳ್ದಂಗೆ ಮಾಡಿ."

ಅಷ್ಟೇ. ಅವರು ಕಾದರು. ಬಸ್ಸು ಬಂದು ಹೋಯಿತು, ನಾವೂ ಕಾದೆವು. ಆಮೇಲೆ ಮರಿಗಳು ಚೀಲದ ಬಾಯಿಂದ ಸಾಲಾಗಿ ಹೊರಟು ಆಳಕ್ಕೆ ಇಳಿದವು. ಒಂದೂ ಮೇಲೆ ಬರಲಿಲ್ಲ.

"ಅವ್ನಿಗ್ಯಾಕೆ ಹೇಳ್ದೆ ಅಕ್ಕ?" ಅಂದಳು ಜಲಜಮ್ಮ.

ರೂಪೇಶನ ಆಳು ಲಾರಿಯಿಂದ ಬೋರ್ಡೊಂದನ್ನು ಇಳಿಸಿ ಏರಿ ಮೇಲೆ ನೆಡುತ್ತಿದ್ದ. ಮೀನು ಹಿಡಿದರೆ ಜೈಲು ಎಂದು ಕೆಂಪು ಅಕ್ಷರದಲ್ಲಿತ್ತು.

"ಏನ್ ಬರ್ದಿದಾರೆ?"

"ಗೌಡ್ತಿಕೆರೆ ಅಂತ," ಅಂದೆ.

"ಅಷ್ಟುದ್ದ ಇದ್ಯಲ್ಲ?"

"ಅಷ್ಟೇ ಕಣೇ. ಬುಟ್ಟಿ ಎತ್ತು."