ಕೋಡಿಯ ನೀರಲ್ಲಿ ಹಿಡಿದ ಕೈಗಳು

ಓಟ ಗೆದ್ದು ಬೆಳ್ಳಿಯ ಬಟ್ಟಲನ್ನು ಎತ್ತಿ ಹಿಡಿದವನಿಗೆ ಅಂಗೈ ಕೆಂಪಾಗುವಂತೆ ಚಪ್ಪಾಳೆ ತಟ್ಟಿದ ನೀವು, ಅದೇ ದಾರಿಯಲ್ಲಿ ಎದೆಮಟ್ಟದ ನೀರಿಗಿಳಿದು ನಿಂತವರು ಯಾರೆಂದು ಒಮ್ಮೆಯಾದರೂ ಕೇಳಿದಿರಾ? ಕೇಳಲಿಲ್ಲ. ಆದ್ದರಿಂದ ಹೇಳಬೇಕಾಗಿದೆ.

ಮುಳಬಾಗಿಲಿನಿಂದ ಕೋಲಾರದವರೆಗಿನ ಆ ಓಟಕ್ಕೆ ಸಮಿತಿಯವರು ಮ್ಯಾರಥಾನ್ ಎಂದು ಹೆಸರಿಟ್ಟಿದ್ದರು. ಮೂವತ್ತೆಂಟನೆಯ ಇಸವಿಯ ಬೇಸಿಗೆಯಲ್ಲಿ ಅದು ಮೊದಲ ಬಾರಿಗೆ ನಡೆದಾಗ ಗಂಗುಲಪ್ಪನೆಂಬ ರೈತ ಬಿಸಿಲಿಗೆ ಕುಸಿದು, ಹುಲ್ಲಿನ ಗಾಡಿಯಲ್ಲಿ ಮಲಗಿ ಊರಿಗೆ ಮರಳಿದ್ದ. ಅಂದಿನಿಂದ ಅವನು ಊರವರ ಬಾಯಲ್ಲಿ ಗಾಡಿ ಗಂಗುಲಪ್ಪನಾದ. ಉಳುವಾಗಲೂ ಉಣ್ಣುವಾಗಲೂ ಅದೇ ಮಾತು. ಬಟ್ಟಲಿನ ಆಸೆ ಅವನಿಗಿರಲಿಲ್ಲ. ತನ್ನ ಕಾಲಮೇಲೆ ಕೋಲಾರ ಮುಟ್ಟಬೇಕು, ಅಷ್ಟೆ.

ಮರುವರ್ಷ ಬಿಸಿಲಿನ ಭಯದಿಂದ ಸಮಿತಿ ಓಟವನ್ನು ಕಾರ್ತಿಕಕ್ಕೆ ಮುಂದೂಡಿತು. ಓಟದ ದಿನವೇ ಪೂರ್ವದ ಕಡಲಿನಿಂದ ಎದ್ದ ಚಂಡಮಾರುತ ಜಿಲ್ಲೆಯ ಮೇಲೆ ಮುರಿದು ಬಿತ್ತು. ಹೊರಡುವ ಹೊತ್ತಿಗೆ ಗೆಳೆಯನೊಬ್ಬ, "ಏನ್ಲಾ, ಈ ಸಲಾನೂ ಗಾಡಿ ಕಟ್ಕೊಂಡೇ ಬರ್ಬೇಕಾ?" ಎಂದ. ಗಂಗುಲಪ್ಪ ಓಡತೊಡಗಿದ.

ಮುಂದಿನವರು ಸಮಿತಿಯ ಬಾವುಟ ಕಟ್ಟಿದ ಮೋಟಾರಿನ ಜೊತೆಗೆ, ನೀರು ಏರುವ ಮೊದಲೇ ದಾರಿಯ ನಡುವಿನ ದೇವರಾಯಸಮುದ್ರವೆಂಬ ಊರನ್ನು ದಾಟಿದ್ದರು. ಗಂಗುಲಪ್ಪ ಬಹಳ ಹಿಂದೆ ಒಬ್ಬಂಟಿಯಾಗಿ ಬರುತ್ತಿದ್ದ. ಮಳೆ ಕಣ್ಣಿಗೆ ಹೊಡೆಯುತ್ತಿತ್ತು. ಚಳಿಗೆ ತೊಡೆಗಳು ಮರಗಟ್ಟಿದ್ದವು.

ಒಂದರ ಕೆಳಗೊಂದು ಕೆರೆಯಿರುವ ಆ ಸೀಮೆಯಲ್ಲಿ ಒಂದು ವಾಡಿಕೆಯಿದೆ. ಮೇಲಿನ ಕೆರೆಯ ಕಟ್ಟೆ ಬಿರಿದರೆ ಒಬ್ಬನು ಕೆಳಗಿನ ಊರಿಗೆ ಓಡಿ ಬಂದು ತಿಳಿಸಬೇಕು. ಮಳೆಯಲ್ಲಿ ಬರಿಗಾಲಿನವನೊಬ್ಬ ಓಡಿ ಬಂದನೆಂದರೆ ಅರ್ಥ ಅದೊಂದೇ. ದೇವರಾಯಸಮುದ್ರದ ಕೆರೆಕಟ್ಟೆಯ ಮೇಲೆ ಕಾವಲಿದ್ದ ನೀರುಗಂಟಿ ಅಶ್ವತ್ಥಪ್ಪ ದೂರದಲ್ಲಿ ಗಂಗುಲಪ್ಪನನ್ನು ಕಂಡವನೇ ತಮಟೆ ಬಡಿದ. ಊರಿಗೆ ಊರೇ ಗುದ್ದಲಿ, ಮಂಕರಿ, ಹಗ್ಗ, ಹುಲ್ಲಿನ ಕಂತೆ ಹೊತ್ತು ಕಟ್ಟೆಗೆ ಧಾವಿಸಿತು.

ಅಷ್ಟರಲ್ಲಿ ಗಂಗುಲಪ್ಪ ಕೆರೆ ತುಂಬಿ ರಸ್ತೆಯ ಮೇಲೆ ಹರಿಯುತ್ತಿದ್ದ ಕೋಡಿಯ ನೀರಿಗೆ ಕಾಲಿಟ್ಟ. ನಾಲ್ಕು ಹೆಜ್ಜೆಗೆ ನೆಲ ತಪ್ಪಿತು. ನೀರು ಅವನನ್ನು ಎತ್ತಿ ಒಂದು ಹೊಂಗೆಯ ಬುಡಕ್ಕೆ ಅಪ್ಪಳಿಸಿತು. ಬೇರನ್ನು ತಬ್ಬಿ ಕೂಗಿದವನತ್ತ ಹಗ್ಗ ಬಂದು ಬಿತ್ತು. ಕಟ್ಟೆಗೆಂದು ತಂದ ಹಗ್ಗವೇ ಅವನನ್ನು ದಡಕ್ಕೆಳೆಯಿತು.

ಊರಿನ ಹಿರಿಯಳಾದ ದೊಡ್ಡಗಂಗಮ್ಮ ಅವನ ಬೆನ್ನು ತಿಕ್ಕುತ್ತ, "ಯಾವ ಕೆರೆ ಹೋಯ್ತಪ್ಪಾ?" ಎಂದಳು.

"ಯಾವ ಕೆರೆಗೂ ಏನೂ ಆಗಿಲ್ಲಮ್ಮ. ನಾನು ಕೋಲಾರಕ್ಕೆ ಓಡ್ತಾ ಇದ್ದೀನಿ."

"ಅಯ್ಯೋ, ಕೋಲಾರದಲ್ಲಿ ಯಾರು ತೀರ್ಕೊಂಡ್ರು?"

ಅವನು ಪಂದ್ಯದ ವಿಷಯ ತಿಳಿಸಿದ. ಸುಮ್ಮನೆ ಊರೆಬ್ಬಿಸಿದನೆಂದು ಅವರು ಸಿಟ್ಟಾಗಬಹುದಿತ್ತು. ಆದರೆ ಅಶ್ವತ್ಥಪ್ಪನೇ ಮೊದಲು ನಕ್ಕ. ಮಳೆಯಲ್ಲಿ ಊರೆಲ್ಲ ನಕ್ಕಿತು. ಆಮೇಲೆ ಯಾರೋ ಕರುಣೆಯಿಂದ, ಗಾಡಿ ಹೂಡಿ ಅವನನ್ನು ಮುಳಬಾಗಿಲಿಗೆ ಬಿಟ್ಟುಬರೋಣವೆಂದರು.

ಗಂಗುಲಪ್ಪನ ಮುಖ ಬಿಳಿಚಿತು. ಅವನು ಮುದುಕಿಯ ಕಾಲು ಹಿಡಿದ. "ಗಾಡಿ ಮಾತ್ರ ಬೇಡಮ್ಮ. ಸತ್ರೂ ನಡ್ಕೊಂಡೇ ಹೋಗ್ತೀನಿ."

ದೊಡ್ಡಗಂಗಮ್ಮ ಅವನನ್ನು ನೋಡಿದಳು; ನೀರನ್ನೂ ನೋಡಿದಳು. "ಗಾಡಿ ಬೇಡ ಕಣ್ರೋ. ಕೈಕೈ ಹಿಡ್ಕೊಳ್ಳಿ. ಅವನ ಕಾಲು ಅವನೇ ಇಡ್ಲಿ."

ಗಂಡಸರು ದಡದಿಂದ ದಡಕ್ಕೆ ಹಗ್ಗ ಹಿಡಿದು, ಒಬ್ಬರ ಕೈಯನ್ನೊಬ್ಬರು ಬಿಗಿದು ನೀರಿನಲ್ಲಿ ನಿಂತರು. ಒಂದು ಕಡೆ ಸಾಲು ತೆಳುವಾದಾಗ ಹೆಂಗಸರೂ ಸೆರಗು ಬಿಗಿದು ಇಳಿದರು. ಯಾರೂ ಅವನನ್ನು ಹೊರಲಿಲ್ಲ, ಎಳೆಯಲಿಲ್ಲ. ಅವನು ಕೈಯಿಂದ ಕೈಗೆ ಹಿಡಿತ ಬದಲಿಸುತ್ತ ಒಂದೊಂದೇ ಹೆಜ್ಜೆಯನ್ನು ತಾನೇ ಇಟ್ಟು ಆಚೆ ದಡ ಮುಟ್ಟಿದ. ಹೊರಡುವ ಮುನ್ನ ಮಳೆ ತಡೆಯಲೆಂದು ಮುದುಕಿ ತೊಡಿಸಿದ್ದ ಗೋಣಿಯ ಕೊಪ್ಪೆ ಅವನ ತಲೆಯ ಮೇಲಿತ್ತು. ತಿರುಗಿ ಕೈಮುಗಿಯಲು ನಿಂತರೆ, "ಓಡೋ, ಓಡು" ಎಂದು ಸಾಲೆಲ್ಲ ಗದರಿತು.

ಅವನು ಕೋಲಾರ ಮುಟ್ಟಿದಾಗ ಗುರಿಯ ಬಳಿ ಹಾಕಿದ್ದ ಚಪ್ಪರ ಬರಿದಾಗಿತ್ತು. ಸಮಿತಿಯವರು ಬಟ್ಟಲು ಕೊಟ್ಟು, ಹಾರ ಹಾಕಿಸಿಕೊಂಡು, ಹಿಂದುಳಿದವರು ಬದುಕಿದ್ದಾರೆಯೇ ಎಂದೂ ವಿಚಾರಿಸದೆ ಮನೆ ಸೇರಿದ್ದರು. ಇದನ್ನು ಅಚಾತುರ್ಯವೆನ್ನಲಾರೆ, ಇದು ಅಧರ್ಮ. ಗಂಗುಲಪ್ಪನಿಗೆ ಮಾತ್ರ ಕೋಪ ಬರಲಿಲ್ಲ. ಗುರಿಯ ಗೂಟವನ್ನು ಎರಡೂ ಕೈಗಳಿಂದ ಹಿಡಿದು ಸ್ವಲ್ಪ ಹೊತ್ತು ಅತ್ತ. ಆ ಕೈಗಳಲ್ಲಿ ಇನ್ನೂ ಬೇರೆಯವರ ಕೈಗಳ ಬಿಸಿಯಿದ್ದಂತೆ ಅವನಿಗೆ ತೋರಿತು.

ನೀರು ಇಳಿದ ಮೇಲೆ ಅವನು ತನ್ನೂರಿಗೆ ಹೋಗುವ ಮೊದಲು ದೇವರಾಯಸಮುದ್ರಕ್ಕೆ ನಡೆದ. ಒಣಗಿಸಿ ಮಡಿಸಿದ್ದ ಕೊಪ್ಪೆಯನ್ನು ದೊಡ್ಡಗಂಗಮ್ಮನ ಮುಂದಿಟ್ಟು, "ಮುಟ್ಟಿದೆ ಕಣಮ್ಮ" ಎಂದ. ಅವಳು ಒಳಗೆ ಹೋಗಿ ಮುದ್ದೆ ತಂದಿಟ್ಟಳು.

ಅವನ ಊರಿನಲ್ಲಿ ಇಂದಿಗೂ ಕೆಲವರು ಅವನನ್ನು ಗಾಡಿ ಗಂಗುಲಪ್ಪನೆನ್ನುತ್ತಾರೆ, ಅವನು ನಗುತ್ತಾನೆ. ಆದರೆ ಕೋಡಿ ಹರಿಯುವ ಪ್ರತಿ ವರ್ಷವೂ ಅವನು ದೇವರಾಯಸಮುದ್ರಕ್ಕೆ ಹೋಗಿ, ದಾರಿಹೋಕರನ್ನು ದಾಟಿಸುವ ಸಾಲಿನಲ್ಲಿ ಅಶ್ವತ್ಥಪ್ಪನ ಪಕ್ಕ ನಿಲ್ಲುತ್ತಾನೆ. ಅವನ ಇನ್ನೊಂದು ಕೈ ಖಾಲಿಯಿದೆ. ಚಪ್ಪಾಳೆ ತಟ್ಟಿದ್ದು ಸಾಕು. ಈ ಕಾರ್ತಿಕದಲ್ಲಿ ಮಳೆ ಹಿಡಿದರೆ ದಯಮಾಡಿ ಹೋಗಿ, ನೀರಿಗಿಳಿದು ಆ ಕೈಯನ್ನು ಹಿಡಿಯಿರಿ.