ಗಂಟೆ ಬಿಚ್ಚಿದ ಎತ್ತುಗಳು

ನನ್ನ ಎತ್ತುಗಳು ಒಮ್ಮೆ ಕಲ್ಯಾಣಿಯಿಂದ ಹುಮನಾಬಾದಿಗೆ ಎಂಥ ಓಟ ಓಡಿದವೆಂದರೆ, ಅವುಗಳ ನೆರಳು ಕಲ್ಯಾಣಿಯ ಅಗಸೆ ಬಾಗಿಲಲ್ಲೇ ಉಳಿದುಬಿಟ್ಟಿತು. ಮರುದಿನ ಮಧ್ಯಾಹ್ನ ದಾರಿ ಕೇಳುತ್ತ, ಏದುಸಿರು ಬಿಡುತ್ತ ಬಂದು ಅವುಗಳ ಕಾಲಡಿ ಮಲಗಿತು. ನಂಬದಿದ್ದರೆ ಬಿಡಿ. ಸುಳ್ಳು ಹೇಳುವವನಿಗೆ ಇಷ್ಟು ಚೆಂದ ಹೇಳಲು ಬರುವುದಿಲ್ಲ.

ಜರ್ಮನಿಯ ಯುದ್ಧ ಶುರುವಾದ ವರ್ಷದ ಚಳಿಗಾಲದಲ್ಲಿ ಅದೇ ಜೋಡಿ ಹೂಡಿಕೊಂಡು ಘಾಟಬೋರಾಳಕ್ಕೆ ಹೊರಟಿದ್ದೆ. ಗಾಡಿಯಲ್ಲಿ ನನ್ನ ಅವ್ವ ಮಾಣಿಕಮ್ಮ, ಹೆಂಡತಿ ಲಲಿತಾಬಾಯಿ. ಘಾಟಬೋರಾಳ ಲಲಿತಾಳ ತವರು. ಅವಳ ತಾಯಿ ಗಯಾಬಾಯಿ ಹಾಸಿಗೆ ಹಿಡಿದಿದ್ದಳು, ಮಗಳ ಮುಖ ಒಮ್ಮೆ ನೋಡಬೇಕೆಂದು ಹೇಳಿ ಕಳಿಸಿದ್ದಳು. ಲಲಿತಾ ಹಿಂದಿನ ಸಂಜೆಯಿಂದ ನೀರು ಬಿಟ್ಟು ಬೇರೇನೂ ಮುಟ್ಟಿರಲಿಲ್ಲ. ಅವಳನ್ನು ನಗಿಸುವ ಕೆಲಸವನ್ನು ನಾನೇ ಹಚ್ಚಿಕೊಂಡೆ.

"ಆ ಕುಸುಬಿ ಹೊಲ ನೋಡು. ಹೈದರಾಬಾದಿಂದ ದೊಡ್ಡ ಸಾಹೇಬ ಬಂದು, ಇಷ್ಟು ಹಳದಿ ಹ್ಯಾಂಗ ಬಂತು ಅಂತ ದಿಟ್ಟಿಸಿ ನೋಡಿ ಕಣ್ಣ ಕಳ್ಕೊಂಡು ಹೋದ."

"ನಿನ ಬಾಯಾಗ ಕುಸುಬಿ ಬಿತ್ತಿದ್ರ ಮನ್ಯಾಗ ಎಣ್ಣಿಗಿ ಬರಾ ಇರ್ತಿರಲಿಲ್ಲ," ಎಂದಳು ಅವ್ವ.

ದಾರಿ ಇಳಿಯತೊಡಗಿತು. ಕೆಳಗೆ ಮುಲ್ಲಾಮಾರಿ ಹಳ್ಳ ತಿಳಿಯಾಗಿ ಹರಿಯುತ್ತಿತ್ತು. ಎರಡೂ ದಂಡೆಗೆ ಈಚಲ ಬನ, ಮರಮರದ ಕುತ್ತಿಗೆಗೆ ಸೇಂದಿಯ ಗಡಿಗೆ. ಗಾಳಿಯೇ ಹುಳಿಸಿಹಿಯಾಗಿತ್ತು.

"ಇಲ್ಲಿ ಸೇಂದಿ ಭಾಳ ಖಡಕ್. ಮ್ಯಾಲ ಹಾರೂ ಗಿಳಿ ಬರೇ ವಾಸನಿಗೇ ತೂರ್‍ಯಾಡಿ, ಉರ್ದು ಮಾತಾಡ್ತಾವ."

"ಅವಕ್ಕ ವಾಸನಿಯಾರ ಬೇಕು," ಎಂದಳು ಲಲಿತಾ. "ನಿಮಗ ಅದೂ ಬ್ಯಾಡ ನೋಡ್ರಿ."

ಅವಳು ನಕ್ಕಳು. ಆ ದಿನ ಅವಳು ನಕ್ಕದ್ದು ಅದೊಂದೇ ಸಲ.

ಎತ್ತಿಗೆ ನೀರು ಕುಡಿಸಲು ನೊಗದಿಂದ ಕೊಳ್ಳಹರಿದು ಹಳ್ಳಕ್ಕಿಳಿಸಿದೆ. ಆಚೆ ದಂಡೆಯಿಂದ ಒಬ್ಬ ನೀರು ದಾಟಿ ಅವಸರದಲ್ಲಿ ಬರುತ್ತಿದ್ದ. ಲಲಿತಾಳ ತವರುಮನೆಯ ನೆರೆಯವನು, ಅಮೋಘಸಿದ್ದಪ್ಪ. ನನ್ನನ್ನು ಕಂಡವನೇ ತೋಳು ಹಿಡಿದು ಈಚಲ ಮರದ ಮರೆಗೆ ಕರೆದೊಯ್ದ.

"ದಿಗಂಬರಪ್ಪನೋರ, ನಿಮ್ಮ ಕಡೀಗೇ ಹೊಂಟಿದ್ದೆ. ಮುದುಕಿ ಹೋದಳ್ರಿ. ಹೊತ್ತು ಮೂಡೂಕಿಂತ ಮೊದಲ. ಮಗಳು ಬರೋತನ ಮಣ್ಣ ಮಾಡಂಗಿಲ್ಲ ಅಂದಾರ. ಲಗೂನ ನಡೀರಿ."

ಲಲಿತಾಳಿಗೆ ಈಗಲೇ ಹೇಳಬಾರದೆಂದು ನಿಶ್ಚಯಿಸಿದೆ. ಯಾರದೋ ಹೊಲದ ಬದುವಿನಲ್ಲಿ ಅಳುವುದಕ್ಕಿಂತ ತಾಯಿಯ ಮಗ್ಗುಲಲ್ಲಿ ಕೂತು ಅಳಲಿ. ಅಮೋಘಸಿದ್ದಪ್ಪನನ್ನು ಬಂದ ದಾರಿಯಲ್ಲೇ ಮುಂದೆ ಕಳಿಸಿದೆ. ನನ್ನ ಬಾಯಿಯ ಮೇಲೆ ನನಗೆ ಭರವಸೆ ಇತ್ತು. ಅದು ಯಾವತ್ತೂ ನಿಜ ಒದರಿದ್ದಿಲ್ಲ.

ಕೈಯ ಮೇಲೆ ಆ ಭರವಸೆ ಇರಬಾರದಿತ್ತು. ಸಾವಿನ ಮನೆಗೆ ಹೋಗುವ ಎತ್ತಿನ ಕೊರಳಲ್ಲಿ ಗಂಟೆ ಇರಬಾರದೆಂಬುದು ನಮ್ಮ ಮನೆತನದ ರೂಢಿ. ಮತ್ತೆ ನೊಗಕ್ಕೆ ಎತ್ತು ಹೂಡುವಾಗ ಎರಡೂ ಗಂಟೆ ಬಿಚ್ಚಿ ಮೇವಿನೊಳಗೆ ತುರುಕಿದ್ದೆ. ತುರುಕಿದ ಮೇಲೆಯೇ ನಾನೇನು ಮಾಡಿದೆನೆಂದು ನನಗೆ ತಿಳಿದದ್ದು.

"ಗಂಟಿ ಯಾಕ ಬಿಚ್ಚಿದ್ಯೋ?" ಎಂದಳು ಅವ್ವ.

"ಮುಂದ ಹುಲಿ ಅದಾವಂತ. ಒಂದಲ್ಲ, ಏಳು. ಸಪ್ಪಳಕ್ಕ ಬರ್ತಾವ."

"ಕುಸುಬಿ ಹೊಲದಾಗ ಹುಲಿ? ನಿನ್ನ..." ಎಂದವಳು ನನ್ನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದಳು. ಮೆಲ್ಲಗೆ ಸೆರಗು ಮುಂದಕ್ಕೆಳೆದುಕೊಂಡಳು.

ಗಾಡಿ ನೀರಿಗಿಳಿಯಿತು. ಗಾಲಿಗೆ ಉಸುಕು ಸವರುವ ಸದ್ದು ಬಿಟ್ಟರೆ ಬೇರೇನೂ ಇಲ್ಲ.

"ಆ ಮನಷ್ಯಾ ನಮ್ಮೂರಾವ ಅಲ್ರಿ? ಅವ್ವ ಹ್ಯಾಂಗಿದ್ದಾಳಂತ?" ಎಂದಳು ಲಲಿತಾ.

"ಆರಾಮ ಅದಾಳ! ಎದ್ದು ಎಮ್ಮಿ ಹಿಂಡಿದಳಂತ. ನಾಕು ರೊಟ್ಟಿ ತಿಂದು, ಐದನೇದಕ್ಕ ಸೊಸಿ ಕೂಡ ಜಗಳ ತಗದಾಳಂತ."

ಲಲಿತಾ ನಗಲಿಲ್ಲ. ನೀರು ನೋಡುತ್ತ ಕೂತಳು. ಈ ಹಳ್ಳದ ಮೀನು ದಾಟುವವರ ಕಾಲು ಒತ್ತುತ್ತವೆ ಎಂದೆ. ಆ ಮಾತು ನೀರಿಗೆ ಬಿದ್ದು ಹೋಯಿತು. ಗಾಡಿ ದಂಡೆ ಹತ್ತಿದಾಗ ಅವಳೇ ಬಾಯಿ ಬಿಟ್ಟಳು.

"ಹ್ವಾದ ವರ್ಷ ದೊಡ್ಡ ಮಾವನ ಮಣ್ಣಿಗಿ ಹೋಗುವಾಗೂ ಗಂಟಿ ಬಿಚ್ಚಿದ್ರಿ. ಅವತ್ತ ಹುಲಿ ಇರಲಿಲ್ಲರಿ."

ನಾನು ಎತ್ತುಗಳ ಬಾಲ ತಿರುವಿ ಬೈದೆ. ಅವು ಏನೂ ತಪ್ಪು ಮಾಡಿರಲಿಲ್ಲ.

"ಎತ್ತಿಗಿ ಯಾಕ ಬೈತೀರಿ? ನನ್ನ ಕಡಿ ನೋಡ್ರಿ. ಅವ್ವ ಹೋದಳೇನ್ರಿ?"

ತಿರುಗಿ ನೋಡಿದೆ. ಅವಳ ಕಣ್ಣು ಒಣಗಿತ್ತು. ಅದನ್ನು ನೋಡಿದ ಮೇಲೆ ಏಳು ಹುಲಿಯಲ್ಲಿ ಒಂದೂ ನನ್ನ ಸಹಾಯಕ್ಕೆ ಬರಲಿಲ್ಲ.

"ಹೌದು," ಎಂದೆ. "ಮುಂಜಾನಿ, ಹೊತ್ತು ಮೂಡೂಕಿಂತ ಮೊದಲ. ಎಮ್ಮಿ, ರೊಟ್ಟಿ, ಜಗಳ, ಎಲ್ಲಾ ನಾ ಕಟ್ಟಿದ್ದು. ನಿನಗಂತ ಮಣ್ಣ ಮಾಡಲಾರ್ದ ಕಾಯಾಕತ್ತಾರ."

ಅವ್ವ ಅವಳನ್ನು ಎಳೆದು ಎದೆಗೊತ್ತಿಕೊಂಡಳು. ಲಲಿತಾ ಅಳಲಿಲ್ಲ. ಅವ್ವನ ಸೆರಗಿನೊಳಗಿಂದಲೇ ಕೇಳಿದಳು:

"ಹೋಗೂ ಮುಂದ ನನ್ನ ಹೆಸರ ಹಿಡಿದಳಂತೇನ್ರಿ?"

ಇಷ್ಟು ಸುಲಭದ ಪ್ರಶ್ನೆಯನ್ನು ಜನ್ಮದಲ್ಲಿ ಯಾರೂ ನನಗೆ ಕೇಳಿರಲಿಲ್ಲ. ನೂರು ಸಲ ಹಿಡಿದಳು ಎನ್ನಬಹುದಿತ್ತು. 'ಹೂಂ ಅನ್ನೋ' ಎನ್ನುವಂತೆ ಅವ್ವನೂ ನನ್ನನ್ನೇ ನೋಡಿದಳು.

"ಗೊತ್ತಿಲ್ಲ ಲಲಿತಾ," ಎಂದೆ. "ಕೇಳಾಕ ನನಗ ಧೈರ್ಯ ಆಗಲಿಲ್ಲ."